ಟೆಕ್ಸಾಸ್‌ನ ದಫ್ತರದಲ್ಲಿ ಕೃಷ್ಣಾ ತೀರದ ದನಗಳು

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆ ದನಕರುಗಳಿಗೂ ಸಲ್ಲುತ್ತದೆ ಎಂಬುದು ಉತ್ತರ ಕರ್ನಾಟಕದ ರೈತರಿಗೆ ಚೆನ್ನಾಗಿ ಗೊತ್ತು. ಸಂಕ್ರಾಂತಿ ಹೊತ್ತಿಗೆ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಹೋರಿ ಕೊಳ್ಳುವವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ದಲ್ಲಾಳಿಗಳು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಾರೆ. ಆದರೆ ಆ ಹೋರಿಯ ತಂದೆ ಯಾವುದು, ತಾಯಿ ಎಷ್ಟು ಕರು ಹಾಕಿತ್ತು ಎಂದು ಕೇಳಿದರೆ ಸಿಗುವುದು ಮಾರುವವನ ಬಾಯಿಮಾತು ಮಾತ್ರ.

ಸಾವಿರಾರು ಮೈಲಿ ದೂರದ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಇದೇ ಪ್ರಶ್ನೆಗೆ ಉತ್ತರ ಸಂಘವೊಂದರ ದಫ್ತರದಲ್ಲಿ ಸಿಗುತ್ತದೆ. ಆ ದಫ್ತರವನ್ನೇ ನಂಬಿ ಅಲ್ಲಿನ ರೈತ ಕುಟುಂಬಗಳು ತಲೆಮಾರುಗಳಿಂದ ಬದುಕು ಕಟ್ಟಿಕೊಂಡಿವೆ. ಆ ದನಗಳ ಮೈಯಲ್ಲಿ ನಮ್ಮ ಕೃಷ್ಣಾ ತೀರದ ರಕ್ತವೂ ಇದೆ ಎಂಬುದು ವಿಶೇಷ.

ಭಾರತದಿಂದ ಹೋದ ಹೋರಿಗಳು

ಅಮೆರಿಕದ ದಕ್ಷಿಣ ಭಾಗದ ಸೆಕೆ, ಉಣ್ಣೆ ಹುಳುಗಳ ಕಾಟ ಯುರೋಪಿನಿಂದ ಬಂದ ದನಗಳಿಗೆ ತಡೆಯಲಾಗುತ್ತಿರಲಿಲ್ಲ. ಅದಕ್ಕಾಗಿ ಅಲ್ಲಿಯವರು ಹತ್ತೊಂಬತ್ತನೇ ಶತಮಾನದ ಮಧ್ಯದಿಂದ ಭಾರತದ ಭುಜದ ದನಗಳನ್ನು ತರಿಸತೊಡಗಿದರು. 1905-06ರಲ್ಲಿ ಟೆಕ್ಸಾಸ್‌ನ ಪಿಯರ್ಸ್ ರಾಂಚ್‌ನವರು 30 ಹೋರಿ, 3 ಆಕಳುಗಳನ್ನು ಹಡಗಿನಲ್ಲಿ ಒಯ್ದರು. ಇಷ್ಟಾದರೂ ಅಮೆರಿಕ ಒಟ್ಟಾರೆ ತರಿಸಿಕೊಂಡ ಇಂಥ ದನಗಳ ಸಂಖ್ಯೆ ಮುನ್ನೂರನ್ನೂ ದಾಟಲಿಲ್ಲ. ಅವುಗಳಲ್ಲಿ ಹೆಚ್ಚಿನವು ಹೋರಿಗಳು. ಗುಜರಾತಿನ ಗೀರ್ ಮತ್ತು ಕಾಂಕ್ರೇಜ್, ಆಂಧ್ರದ ಓಂಗೋಲ್, ಅಲ್ಪ ಪ್ರಮಾಣದಲ್ಲಿ ನಮ್ಮ ಕೃಷ್ಣಾ ವ್ಯಾಲಿ ತಳಿಗಳು ಬೆರೆತು ಅಲ್ಲೊಂದು ಹೊಸ ತಳಿ ಹುಟ್ಟಿತು.

ಆಕಳುಗಳ ಸಂಖ್ಯೆ ತೀರಾ ಕಡಿಮೆಯಿದ್ದುದರಿಂದ ಸ್ಥಳೀಯ ಆಕಳುಗಳಿಗೆ ಈ ಹೋರಿಗಳನ್ನು ಕೂಡಿಸಿದರು. ಹುಟ್ಟಿದ ಕಡಸುಗಳಿಗೆ ಮತ್ತೆ ಭಾರತೀಯ ಮೂಲದ ಹೋರಿಯನ್ನೇ ಕೂಡಿಸಿದರು. ಹೀಗೆ ಐದು ತಲೆಮಾರು ಸಾಗಿದರೆ 32 ಪಾಲಿನಲ್ಲಿ 31 ಪಾಲು ಭಾರತದ ರಕ್ತವೇ ಆಗುತ್ತದೆ. ಆದರೆ ಇದು ಎಷ್ಟನೆಯ ತಲೆಮಾರು ಎಂಬುದನ್ನು ಯಾರಾದರೂ ಬರೆದಿಡಬೇಕಲ್ಲ? 1924ರಲ್ಲಿ ತಳಿಗಾರರು ಒಟ್ಟುಗೂಡಿ ‘ಅಮೆರಿಕನ್ ಬ್ರಾಹ್ಮನ್ ಬ್ರೀಡರ್ಸ್ ಅಸೋಸಿಯೇಷನ್’ ಸ್ಥಾಪಿಸಿದರು. ತಳಿಗೆ ‘ಬ್ರಾಹ್ಮನ್’ ಎಂಬ ಹೆಸರು ಸೂಚಿಸಿದವರು ಸಂಘದ ಮೊದಲ ಕಾರ್ಯದರ್ಶಿ ಜೆ.ಡಬ್ಲ್ಯು. ಸಾರ್ಟ್‌ವೆಲ್.

ಕರು ಹುಟ್ಟಿದಂದೇ ಖಾತೆ

ನೋಂದಾಯಿತ ದನ ಸಾಕುವ ರಾಂಚ್‌ನಲ್ಲಿ ಕರು ಬಿದ್ದ ಕೂಡಲೇ ಅದರ ಖಾತೆ ತೆರೆಯುತ್ತದೆ. ಹುಟ್ಟಿದ ದಿನಾಂಕ, ತೂಕ, ತಂದೆ ತಾಯಿಗಳ ನೋಂದಣಿ ಸಂಖ್ಯೆ ದಾಖಲಾಗುತ್ತವೆ. ಮನೆತನದ ಗುರುತು ಮತ್ತು ಕರುವಿನ ಸಂಖ್ಯೆಯನ್ನು ಮೈಮೇಲೆ ಬರೆ ಹಾಕುತ್ತಾರೆ. ಹಾಲು ಬಿಡಿಸುವ ಹೊತ್ತಿಗೆ ತೂಗಿ, ಆ ತೂಕವನ್ನು 205 ದಿನಗಳ ಲೆಕ್ಕಕ್ಕೆ ಹೊಂದಿಸುತ್ತಾರೆ. ವರ್ಷ ತುಂಬಿದಾಗ ಮತ್ತೊಮ್ಮೆ ತೂಗುತ್ತಾರೆ. ಈ ಅಂಕಿಗಳೆಲ್ಲ ಸಂಘಕ್ಕೆ ಹೋಗುತ್ತವೆ. ಸಾವಿರಾರು ದನಗಳ ಲೆಕ್ಕವನ್ನು ಒಟ್ಟಿಗೆ ಹಾಕಿ, ಈ ಹೋರಿಯ ಕರುಗಳು ಬೇರೆ ಹೋರಿಗಳ ಕರುಗಳಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ತೂಗಬಹುದೆಂಬ ಅಂದಾಜನ್ನು ಸಂಘ ಕೊಡುತ್ತದೆ. ತಂದೆ ಯಾರೆಂಬ ಸಂಶಯ ಬಂದರೆ ಡಿಎನ್‌ಎ ಪರೀಕ್ಷೆ ಇದ್ದೇ ಇದೆ.

ಇದು ಮಾಂಸಕ್ಕಾಗಿ ದನ ಸಾಕುವವರ ಉದ್ಯಮ. ಗೋವನ್ನು ಪೂಜಿಸುವ ಮನೆಗಳಲ್ಲಿ ಈ ಮಾತು ಇರಿಸುಮುರಿಸು ತರಬಹುದು, ಆದರೆ ಮುಚ್ಚಿಡುವಂತಿಲ್ಲ. ಹುಟ್ಟಿದ ಹೋರಿಗರುಗಳೆಲ್ಲ ಬೀಜದ ಹೋರಿಗಳಾಗುವುದಿಲ್ಲ. ಕಾಲು ಸರಿಯಿಲ್ಲದ, ಹಾಯುವ ಸ್ವಭಾವದ, ತೂಕ ಏರದ ಕರುಗಳು ಮಾಂಸದ ಮಾರುಕಟ್ಟೆಗೆ ಹೋಗುತ್ತವೆ. ಉಳಿದವುಗಳ ವೀರ್ಯವನ್ನು ಪಶುವೈದ್ಯರು ಪರೀಕ್ಷಿಸಿದ ಮೇಲೆ ಮಾರಾಟ. ಕೆಲವರು ರಾಂಚ್‌ಗೇ ಬಂದು ಮಾತಾಡಿ ಕೊಳ್ಳುತ್ತಾರೆ, ಕೆಲವು ಹೋರಿಗಳು ಹರಾಜಿನಲ್ಲಿ ಹೋಗುತ್ತವೆ. ಹೋರಿಯ ಜೊತೆಗೆ ನೋಂದಣಿ ಪತ್ರವೂ ಕೊಂಡವನ ಹೆಸರಿಗೆ ವರ್ಗವಾಗುತ್ತದೆ. ಟೆಕ್ಸಾಸ್‌ನ ಹಂಗರ್‌ಫೋರ್ಡ್‌ನ ಜೆ.ಡಿ. ಹಡ್ಜಿನ್ಸ್ ಕುಟುಂಬದ ರಾಂಚ್‌ನ ‘ಮಾನ್ಸೊ’ ಎಂಬ ಒಂದು ಹೋರಿಯ ವಂಶ ಈ ತಳಿಯ ಇತಿಹಾಸದಲ್ಲಿ ಇಂದಿಗೂ ಹೆಸರಾಗಿದೆ.

ಬ್ರೆಜಿಲ್‌ನಲ್ಲಂತೂ ಓಂಗೋಲ್ ದನವೇ ‘ನೆಲ್ಲೋರ್’ ಎಂಬ ಹೆಸರಿನಲ್ಲಿ ಬೆಳೆದಿದೆ. ಅಲ್ಲಿನ ‘ವಿಯಾಟಿನಾ-19’ ಎಂಬ ಆಕಳಿನ ಮೂರನೇ ಒಂದು ಪಾಲಿನ ಒಡೆತನ 2023ರಲ್ಲಿ ಹರಾಜಾಯಿತು. ಆ ಲೆಕ್ಕದಲ್ಲಿ ಇಡೀ ಆಕಳಿನ ಬೆಲೆ ಸುಮಾರು 43 ಲಕ್ಷ ಡಾಲರ್. ಈ ಬೆಲೆ ಬಂದದ್ದು ಮೈಕಟ್ಟಿಗಷ್ಟೇ ಅಲ್ಲ, ಅದರ ವಂಶದ ದಾಖಲೆಗೂ ಹೌದು.

ತವರಿನ ಸ್ಥಿತಿ

ಇನ್ನು ತವರಿನ ಕಡೆ ನೋಡೋಣ. ಕೃಷ್ಣಾ ವ್ಯಾಲಿ ತಳಿಯನ್ನು ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಮರಾಠ ಸೀಮೆಯ ಸಂಸ್ಥಾನಿಕರು ಬೆಳೆಸಿದರು. ಗೀರ್, ಕಾಂಕ್ರೇಜ್, ಓಂಗೋಲ್ ಹೋರಿಗಳ ಜೊತೆ ಸ್ಥಳೀಯ ದನಗಳನ್ನು ಕೂಡಿಸಿ, ಎರೆ ಭೂಮಿಯ ಭಾರೀ ಉಳುಮೆಗೆಂದು ಸಿದ್ಧಪಡಿಸಿದ ದನವಿದು. ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಸಾಂಗ್ಲಿ, ಸೊಲ್ಲಾಪುರದವರೆಗೆ ಇದರ ನೆಲೆ. ಸಂಸ್ಥಾನಗಳು ಹೋದವು, ಟ್ರ್ಯಾಕ್ಟರ್ ಬಂತು, ಹಾಲಿಗಾಗಿ ಮಿಶ್ರತಳಿ ಬಂತು. ಶುದ್ಧ ತಳಿಯ ಬೀಜದ ಹೋರಿ ಇಂದು ಅಪರೂಪವಾಗಿದೆ.

ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದ ಪಟ್ಟಿಯಲ್ಲಿ ಕೃಷ್ಣಾ ವ್ಯಾಲಿ ಒಂದು ತಳಿಯಾಗಿ ಸೇರಿದೆ. ಆದರೆ ತಳಿಯ ಹೆಸರು ಪಟ್ಟಿಗೆ ಸೇರುವುದು ಬೇರೆ, ಒಂದೊಂದು ದನದ ವಂಶ ದಾಖಲಾಗುವುದು ಬೇರೆ. ಕೇಂದ್ರ ಸರಕಾರದ ಹಿಂಡು ನೋಂದಣಿ ಯೋಜನೆಗೆ ಆಯ್ಕೆಯಾದ ದನದ ತಳಿಗಳು ಗೀರ್, ಕಾಂಕ್ರೇಜ್, ಹರಿಯಾಣ ಮತ್ತು ಓಂಗೋಲ್. ಕೃಷ್ಣಾ ವ್ಯಾಲಿಯನ್ನು ರೂಪಿಸಿದ ಮೂರು ತಳಿಗಳೂ ಅದರಲ್ಲಿವೆ, ಕೃಷ್ಣಾ ವ್ಯಾಲಿ ಮಾತ್ರ ಇಲ್ಲ.

ಈಗ ದನಗಳ ಕಿವಿಗೆ ಹನ್ನೆರಡು ಅಂಕಿಗಳ ಓಲೆ ಹಾಕುವ ವ್ಯವಸ್ಥೆ ಊರೂರಿಗೆ ಬಂದಿದೆ. ಅಂಕಿ ಇದ್ದರಷ್ಟೇ ಸಾಲದು, ತಂದೆ ತಾಯಿಯ ಅಂಕಿಯೂ ಅದರ ಜೊತೆ ಸೇರಿದರೆ ಮಾತ್ರ ಅದು ವಂಶಾವಳಿಯಾಗುತ್ತದೆ. ಮುಂಬಯಿ, ಪುಣೆ, ಸೊಲ್ಲಾಪುರಗಳಲ್ಲಿ ನೆಲೆಸಿದ ಅನೇಕ ಕನ್ನಡಿಗರಿಗೆ ಊರಿನಲ್ಲಿ ಇನ್ನೂ ಹೊಲವಿದೆ, ಕೊಟ್ಟಿಗೆಯಿದೆ, ದನ ನೋಡಿಕೊಳ್ಳುವ ಅಣ್ಣ ತಮ್ಮಂದಿರಿದ್ದಾರೆ. ಆಕಳಿಗೆ ಯಾವ ಹೋರಿ ಕೂಡಿತು, ಕರು ಯಾವಾಗ ಹುಟ್ಟಿತು, ಎಷ್ಟು ತೂಗಿತು ಎಂಬುದನ್ನು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುವಂತೆ ಅವರಿಗೆ ಹೇಳಬಹುದು. ಹತ್ತು ಮನೆಯ ಪುಸ್ತಕಗಳು ಒಂದೆಡೆ ಸೇರಿದರೆ ಅದೇ ಒಂದು ತಳಿ ಸಂಘ. ಟೆಕ್ಸಾಸ್‌ನವರೂ ಶುರುಮಾಡಿದ್ದು ಹೆಚ್ಚುಕಡಿಮೆ ಹೀಗೆಯೇ. ನಮ್ಮಲ್ಲಿ ಬರೆದಿಡಲು ಇನ್ನೂ ಕೆಲವು ದನಗಳಾದರೂ ಉಳಿದಿವೆ, ಅವು ಇರುವಾಗಲೇ ಈ ಕೆಲಸ ಆಗಬೇಕಾಗಿದೆ.