ಪತ್ರಿಕೆಗಳ ಮೌನವೂ ಲೋಕಾಭಿಪ್ರಾಯವೂ

ಲೋಕಾಭಿಪ್ರಾಯವನ್ನು ನಿರ್ಮಿಸುವವರು ತಾವೇ ಎಂದು ಪತ್ರಕರ್ತರು ಹೇಳಿಕೊಳ್ಳುವದುಂಟು. ಈ ಮಾತನ್ನು ಒರೆಗೆ ಹಚ್ಚಬೇಕಾದರೆ, ಪತ್ರಿಕೆಗಳು ಮಾತಾಡಿದ ಕಾಲಕ್ಕಿಂತ ಅವುಗಳ ಬಾಯಿ ಕಟ್ಟಿದ ಕಾಲವನ್ನು ಪರಿಶೀಲಿಸುವದು ಲೇಸು.

1975ನೆಯ ಇಸವಿಯ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯು ಘೋಷಿತವಾಯಿತು. ಅದೇ ರಾತ್ರಿ ದಿಲ್ಲಿಯ ಬಹಾದುರ್ ಷಾ ಜಫರ್ ಮಾರ್ಗದ ಪತ್ರಿಕಾಲಯಗಳಿಗೆ ವಿದ್ಯುಚ್ಛಕ್ತಿಯೇ ಇಲ್ಲದಂತಾಯಿತು. ಬಳಿಕ ಸೆನ್ಸಾರ್ ವಿಧಿಸಲ್ಪಟ್ಟಿತು. ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರವು ಜೂನ್ 28ರಂದು ತನ್ನ ಅಗ್ರಲೇಖನದ ಸ್ಥಳವನ್ನು ಬರಿದಾಗಿಯೇ ಬಿಟ್ಟು ಪ್ರಕಟವಾಯಿತು. 1976ರಲ್ಲಿ ನಾಲ್ಕು ವಾರ್ತಾಸಂಸ್ಥೆಗಳನ್ನು ಕೂಡಿಸಿ ‘ಸಮಾಚಾರ್’ ಎಂಬ ಒಂದೇ ಸಂಸ್ಥೆಯನ್ನು ಮಾಡಲಾಯಿತು.

ಇಷ್ಟಾದ ಮೇಲೆ 1977ರ ಮಾರ್ಚ್ ತಿಂಗಳಲ್ಲಿ ಚುನಾವಣೆಯು ನಡೆಯಿತು. ಉತ್ತರ ಪ್ರದೇಶದ 85 ಸ್ಥಾನಗಳಲ್ಲಿಯೂ ಬಿಹಾರದ 54 ಸ್ಥಾನಗಳಲ್ಲಿಯೂ ಆಳುವ ಕಾಂಗ್ರೆಸ್ಸಿಗೆ ಒಂದಾದರೂ ದೊರೆಯಲಿಲ್ಲ. ತನ್ನ ಅಣ್ಣನನ್ನು ಸಂತಾನಹರಣ ಶಿಬಿರಕ್ಕೆ ಎಳೆದೊಯ್ದುದನ್ನು ಕಣ್ಣಾರೆ ಕಂಡವನಿಗೆ ಪತ್ರಿಕೆ ಓದಿ ತಿಳಿಯಬೇಕಾದುದೇನಿತ್ತು? ಅಲ್ಲಿ ಸಂತೆಯ ಮಾತೇ ಪತ್ರಿಕೆಯಾಯಿತು.

ಹಾಗಾದರೆ ಪತ್ರಿಕೆಗಳಿಂದ ಆಗುವದೇನೂ ಇಲ್ಲವೇ? ಅದೇ ಚುನಾವಣೆಯಲ್ಲಿ ಕರ್ನಾಟಕವು 28ರಲ್ಲಿ 26 ಸ್ಥಾನಗಳನ್ನೂ ಆಂಧ್ರವು 42ರಲ್ಲಿ 41 ಸ್ಥಾನಗಳನ್ನೂ ಅದೇ ಪಕ್ಷಕ್ಕೆ ಒಪ್ಪಿಸಿದುವು. ದೇವರಾಜ ಅರಸರ ಭೂಸುಧಾರಣೆಯಿಂದ ಗೇಣಿದಾರರಿಗೆ ಉಪಕಾರವಾಗಿದ್ದುದು ಇದಕ್ಕೊಂದು ಕಾರಣವೆಂಬುದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಇನ್ನೊಂದು ಕಾರಣವೂ ಉಂಟು. 1976ರ ಏಪ್ರಿಲ್‌ನಲ್ಲಿ ದಿಲ್ಲಿಯ ತುರ್ಕಮಾನ್ ಗೇಟಿನಲ್ಲಿ ಮನೆಗಳನ್ನು ಕೆಡವಿ ಜನರ ಮೇಲೆ ಗುಂಡು ಹಾರಿಸಿದುದನ್ನು ನಮ್ಮ ಹಳ್ಳಿಯವನಿಗೆ ಯಾರು ಹೇಳಬೇಕಾಗಿತ್ತು? ತನ್ನ ಬಾಗಿಲಲ್ಲಿ ಆದುದನ್ನು ಮನುಷ್ಯನು ತಾನೇ ಅರಿಯುವನು. ಸಾವಿರಾರು ಮೈಲಿಯಾಚೆ ಆದುದನ್ನು ಅವನಿಗೆ ಮುಟ್ಟಿಸುವ ಸಾಧನವು ಪತ್ರಿಕೆಯೊಂದೇ. ದೂರದ ಮಾತಿರಲಿ, ಬೆಂಗಳೂರಿನ ಸೆರೆಮನೆಯಲ್ಲಿ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡ ನಟಿ ಸ್ನೇಹಲತಾ ರೆಡ್ಡಿಯವರ ಅವಸ್ಥೆಯನ್ನು ಅದೇ ಊರಿನ ಪತ್ರಿಕೆಗಳು ಸಕಾಲದಲ್ಲಿ ಬಿಚ್ಚಿ ಬರೆಯುವಂತಿರಲಿಲ್ಲ. ಚುನಾವಣೆಗೆ ಮುಂಚೆ ನಿರ್ಬಂಧಗಳು ಸಡಿಲಾದುವು, ನಿಜ. ಹತ್ತೊಂಬತ್ತು ತಿಂಗಳ ಮೌನವನ್ನು ಎರಡು ತಿಂಗಳಲ್ಲಿ ತುಂಬಿಕೊಡುವದು ಯಾವ ಸಂಪಾದಕನಿಂದ ಸಾಧ್ಯ?

1978ರ ನವೆಂಬರಿನಲ್ಲಿ ಪತ್ರಿಕೆಗಳು ಸ್ವತಂತ್ರವಾಗಿದ್ದುವು, ಷಾ ಆಯೋಗದ ವರದಿಗಳೂ ಹೊರಬಿದ್ದಿದ್ದುವು. ಆದರೂ ಚಿಕ್ಕಮಗಳೂರು ಇಂದಿರಾ ಗಾಂಧಿಯವರನ್ನು ಆರಿಸಲಿಲ್ಲವೇ ಎಂದು ವಾಚಕರು ಕೇಳಬಹುದು. ಅಹುದು, ಆರಿಸಿತು. ಆ ಮತದಾರರು ಎರಡೂ ಕಡೆಯ ಮಾತನ್ನು ಕೇಳಿ ಓಟು ಹಾಕಿದರು. ಅದರ ವಿಷಯದಲ್ಲಿ ನಮ್ಮ ತಕರಾರಿಲ್ಲ. ನಮ್ಮ ತಕರಾರೆಲ್ಲವೂ ಅದಕ್ಕೆ ಹಿಂದಿನ ವರ್ಷ ಕೇಳದೆಯೇ ಹಾಕಬೇಕಾಗಿ ಬಂದ ಓಟುಗಳನ್ನು ಕುರಿತದ್ದು.