ಜೂರಿ ಹೋಯಿತು, ಐವರು ಉಳಿದರು

ಜೂರಿ ಪದ್ಧತಿ ನಮ್ಮ ದೇಶದಲ್ಲಿ ಎಂದೋ ಮುಗಿದುಹೋಯಿತೆಂದು ಬಹಳ ಮಂದಿ ತಿಳಿದಿದ್ದಾರೆ. ಬಾಂಬೆ ಹೈಕೋರ್ಟಿನಲ್ಲಿ ಅದರ ಒಂದು ಎಳೆ ಇನ್ನೂ ಉಳಿದಿದೆ. ಪಾರ್ಸಿ ದಂಪತಿಯ ವಿಚ್ಛೇದನದ ದಾವೆ ಅಲ್ಲಿ ವಿಚಾರಣೆಗೆ ಬಂದರೆ ನ್ಯಾಯಾಧೀಶರ ಜತೆ ಅದೇ ಸಮುದಾಯದ ಐವರು ಕೂರುತ್ತಾರೆ. ಇವರನ್ನು ಡೆಲಿಗೇಟರು ಎನ್ನುತ್ತಾರೆ. ಇವರು ಕಾನೂನು ಓದಿರಬೇಕೆಂದೇನೂ ಇಲ್ಲ. ಗಂಡ ಹೊಡೆದದ್ದು ನಿಜವೇ, ಹೆಂಡತಿ ಮನೆ ಬಿಟ್ಟದ್ದು ಹೌದೇ ಎಂಬುದನ್ನು ಬಹುಮತದಿಂದ ತೀರ್ಮಾನಿಸುವವರು ಇವರೇ. ಕಾನೂನಿನ ಪ್ರಶ್ನೆ ಮಾತ್ರ ನ್ಯಾಯಾಧೀಶರದು.

1936ರ ಪಾರ್ಸಿ ವಿವಾಹ ಮತ್ತು ವಿಚ್ಛೇದನ ಕಾಯ್ದೆಯಲ್ಲಿ ಡೆಲಿಗೇಟರು ಏಳು ಮಂದಿ ಇದ್ದರು. 1988ರ ತಿದ್ದುಪಡಿ ಆ ಸಂಖ್ಯೆಯನ್ನು ಐದಕ್ಕೆ ಇಳಿಸಿತು. ಜೀವನಾಂಶ, ಮಕ್ಕಳ ಸುಪರ್ದಿಯಂಥ ವಿಷಯಗಳನ್ನು ನ್ಯಾಯಾಧೀಶರಿಗೇ ಬಿಟ್ಟಿತು.

ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಮಾತ್ರ ಇನ್ನಿಬ್ಬರು ಪಾರ್ಸಿಗಳು. 1908ರ ಜುಲೈನಲ್ಲಿ ಇದೇ ಹೈಕೋರ್ಟಿನಲ್ಲಿ ಬಾಲಗಂಗಾಧರ ತಿಲಕರ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಪೀಠದಲ್ಲಿ ನ್ಯಾಯಮೂರ್ತಿ ದಿನ್‌ಶಾ ದಾವರ್. 1897ರಲ್ಲಿ ತಿಲಕರ ಜಾಮೀನಿಗೆ ವಾದಿಸಿ ಗೆದ್ದಿದ್ದ ವಕೀಲರೂ ಅವರೇ! ಜೂರಿಯಲ್ಲಿ ಒಂಬತ್ತು ಮಂದಿ: ಏಳು ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ಆರೋಪಕ್ಕೆ ಗುರಿಯಾದ, ತಿಲಕರ 'ಕೇಸರಿ' ಪತ್ರಿಕೆಯ ಲೇಖನಗಳಿದ್ದದ್ದು ಮರಾಠಿಯಲ್ಲಿ. ಕೋರ್ಟಿನ ಮುಂದಿದ್ದದ್ದು ಅವುಗಳ ಇಂಗ್ಲಿಷ್ ಅನುವಾದ. ತಿಲಕರು ತಮ್ಮ ಪರವಾಗಿ ತಾವೇ ದಿನಗಟ್ಟಲೆ ವಾದಿಸಿದರು, ಅನುವಾದದ ತಪ್ಪುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದರು. ಜುಲೈ 22ರ ರಾತ್ರಿ ಜೂರಿ ಹೊರಬಂತು. ಏಳು ಮಂದಿ ಅಪರಾಧಿ ಎಂದರು, ಆ ಇಬ್ಬರು ಪಾರ್ಸಿಗಳು ಅಲ್ಲ ಎಂದರು. ಬಹುಮತವನ್ನು ಒಪ್ಪಿದ ದಾವರ್ ಆರು ವರ್ಷಗಳ ಗಡೀಪಾರು ವಿಧಿಸಿದರು. ಮರುದಿನ ತಿಲಕರ ಹುಟ್ಟುಹಬ್ಬ.

ಆ ಇಬ್ಬರ ಮಾತಿನಿಂದ ತಿಲಕರಿಗೆ ಬರ್ಮಾದ ಮಂಡಾಲೆ ಜೈಲು ತಪ್ಪಲಿಲ್ಲ. ಆದರೂ ಸರ್ಕಾರವೇ ಮೊಕದ್ದಮೆ ಹೂಡಿರುವಾಗ, ಅದೇ ಕೋಣೆಯಲ್ಲಿ ಕೂತು ಇಬ್ಬರು ಒಪ್ಪದೆ ಉಳಿಯಲು ಕಾನೂನಿನಲ್ಲೇ ಒಂದು ಜಾಗವಿತ್ತು. ನನಗೆ ಜೂರಿ ಮುಖ್ಯವೆನಿಸುವುದು ಅದಕ್ಕೇ.

ಜೂರಿಯನ್ನು ಕೊಂದದ್ದು ನಾನಾವತಿ ಮೊಕದ್ದಮೆ ಎಂಬ ಮಾತು ಪ್ರಚಾರದಲ್ಲಿದೆ. 1959ರಲ್ಲಿ ಕೊಲೆಯ ಆರೋಪ ಹೊತ್ತಿದ್ದ ನೌಕಾಪಡೆಯ ಅಧಿಕಾರಿ ನಾನಾವತಿಯನ್ನು ಬಾಂಬೆಯ ಜೂರಿ ಎಂಟಕ್ಕೆ ಒಂದರಂತೆ ನಿರ್ದೋಷಿ ಎಂದದ್ದೂ, ಸೆಷನ್ಸ್ ನ್ಯಾಯಾಧೀಶರು ಅದನ್ನೊಪ್ಪದೆ ಹೈಕೋರ್ಟಿಗೆ ಕಳಿಸಿದ್ದೂ, ಕೊನೆಗೆ ಜೀವಾವಧಿ ಶಿಕ್ಷೆಯಾದದ್ದೂ ನಿಜ. ಆದರೆ ಜೂರಿ ಬೇಡವೆಂದು ಕಾನೂನು ಆಯೋಗ ಅದಕ್ಕೆ ಮೊದಲೇ, 1958ರಲ್ಲೇ, ಹೇಳಿಯಾಗಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಅದನ್ನು ಪೂರ್ತಿ ಕೈಬಿಟ್ಟಿತು.

ಉಳಿದ ಐವರ ಮೇಲೂ ಆಕ್ಷೇಪಗಳಿವೆ. ಸಣ್ಣ ಸಮುದಾಯ, ಎಲ್ಲರಿಗೂ ಎಲ್ಲರ ಪರಿಚಯ. ಸಂಸಾರದ ನೋವನ್ನು ಪರಿಚಿತರ ಮುಂದೆಯೇ ಬಿಚ್ಚಿಡಬೇಕು. ಈ ಪದ್ಧತಿಯನ್ನು ಪ್ರಶ್ನಿಸಿ 2017ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿಯೂ ಹೋಯಿತು. ದೂರಿನಲ್ಲಿ ಹುರುಳಿಲ್ಲ ಎನ್ನಲಾರೆ. 2011ರ ಜನಗಣತಿಯಲ್ಲಿ ದೇಶದ ಪಾರ್ಸಿಗಳು 57,264 ಮಂದಿ. ಡೆಲಿಗೇಟರೂ ಬರಬೇಕಾದದ್ದು ಇಷ್ಟರೊಳಗಿನಿಂದಲೇ.