ಮನೆಯ ಗಣಕಯಂತ್ರದ ರಿಪೇರಿ

ಮನೆಯ ಗಣಕಯಂತ್ರವು ಕೆಟ್ಟರೆ ಪಡತಕ್ಕ ಪಾಡು ಎಂಥದೆಂಬುದನ್ನು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಯಂತ್ರವು ಒಂದು ದಿನ ನಡೆಯುವುದು, ಮರುದಿನ ಮೌನ ತಾಳುವುದು. ದುರ್ಗದ ಅಂಗಡಿಗೆ ಹೊತ್ತು ಒಯ್ದರೆ ಅಲ್ಲಿ ಮಾತ್ರ ಚೆನ್ನಾಗಿ ನಡೆಯುವುದು!

ಕಾರಣಗಳು ಅನೇಕವೇಳೆ ಅಲ್ಪವಾದವು. ಈ ಸೀಮೆಯ ಗಾಳಿಯೂ ಧೂಳೂ ಎಲ್ಲರಿಗೂ ತಿಳಿದವಷ್ಟೆ. ಆ ಧೂಳು ಒಳಗಿನ ಫ್ಯಾನಿಗೆ ಮೆತ್ತಿಕೊಂಡರೆ ಪ್ರೊಸೆಸರು ಕಾದು, ಯಂತ್ರವು ತನ್ನನ್ನು ಕಾಪಾಡಿಕೊಳ್ಳಲು ತಾನೇ ಆರಿಹೋಗುವುದು. ಗಡಿಯಾರವು ದಿನವೂ ಹಳೆಯ ತಾರೀಖನ್ನೇ ತೋರಿಸಿದರೆ ಮದರ್‌ಬೋರ್ಡಿನ 3 ವೋಲ್ಟಿನ ಬಿಲ್ಲೆ ಬ್ಯಾಟರಿಯು ತೀರಿದೆಯೆಂದು ತಿಳಿಯತಕ್ಕದ್ದು. ತೆರೆಯು ಕಪ್ಪಾಗಿದ್ದು ಬರಿಯ ಕೂಗು ಕೇಳಿಸಿದರೆ, ವಿದ್ಯುತ್ತನ್ನು ಕಡಿದು, ರ‍್ಯಾಮ್ ಪಟ್ಟಿಯ ಹೊಂಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ ನೋಡಬಹುದು. ಆದರೆ ವಿದ್ಯುತ್ ಒದಗಿಸುವ ಡಬ್ಬಿಯನ್ನು ಮಾತ್ರ ಬಿಚ್ಚಕೂಡದು. ತಂತಿ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು.

ಹಾರ್ಡ್ ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡಿದರೆ ಸಂಗತಿಯೇ ಬೇರೆ. ಪುನಃ ಪುನಃ ಚಾಲೂ ಮಾಡಿದಷ್ಟೂ ಒಳಗಿನ ತಟ್ಟೆಗಳು ಗೀರಿಹೋಗುವ ಭಯವುಂಟು. ಆಗ ಕೂಡಲೇ ನಿಲ್ಲಿಸಿರಿ. "ಫಾರ್ಮ್ಯಾಟ್ ಮಾಡಿಬಿಡೋಣವೇ?" ಎಂದು ಅಂಗಡಿಯವರು ಸಲೀಸಾಗಿ ಕೇಳುವರು, ಅಳಿಸಿಹೋಗುವುದು ಅವರ ಮನೆಯ ಚಿತ್ರಗಳಲ್ಲವಷ್ಟೆ!

ಕಡತಗಳು ಬದುಕಿ ಬಂದರೂ ಕನ್ನಡದವರಿಗೆ ಇನ್ನೊಂದು ಗೋಳಿದೆ. ಹಳೆಯ ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ಅಜ್ಜಿಯ ಹಾಡುಗಳು, ಆ ಫಾಂಟಿಲ್ಲದ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುವುವು. ಅವು ಕೆಟ್ಟವೆಂದು ಅಳಿಸಬೇಡಿರಿ. ಫಾಂಟನ್ನು ಹಾಕಿದರೆ, ಇಲ್ಲವೆ ಯೂನಿಕೋಡಿಗೆ ಪರಿವರ್ತಿಸಿದರೆ, ಪುನಃ ಓದಲು ಬರುವುವು.